ನಡೆದು ಬರುವವರ ಓರ್ಸೀರು

ಸಿಟ್ಟು ಬರುವ ಮೊದಲು ಅವರ ಕಿವಿಗಳು ಕೆಂಪಾಗುತ್ತಿದ್ದವು. ಅಗಲವಾದ, ತಲೆಯಿಂದ ದೂರ ಚಾಚಿ ನಿಂತ ಕಿವಿಗಳು. ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಜಗಲಿಯಲ್ಲಿ ಕೂತರೆ ಅವುಗಳ ನರಗಳು ಕೂಡ ಕಾಣುತ್ತಿದ್ದವು. ಕೆಂಪು ಮೊದಲು ಅಂಚಿನಲ್ಲಿ ಹತ್ತಿಕೊಂಡು ಒಳಕ್ಕೆ ಇಳಿಯುತ್ತಿತ್ತು. ಕುತ್ತಿಗೆಗೆ ಬರುವಷ್ಟರಲ್ಲಿ ಮಾತು ಶುರುವಾಗಿರುತ್ತಿತ್ತು. ಅವರ ಹೆಂಡತಿ ಅಡುಗೆಮನೆಯಿಂದ ಒಮ್ಮೆ ಇಣುಕಿ, "ಇವತ್ತು ಯಾರ ಮೇಲೆ?" ಎಂದು ನನ್ನನ್ನು ಕೇಳಿ ಮತ್ತೆ ಒಲೆಯ ಕಡೆ ತಿರುಗುತ್ತಿದ್ದರು.

ಅವರು ಸರ್ಕಾರದ ರಸ್ತೆ ಕೆಲಸದ ಓವರ್‌ಸಿಯರ್. ನಮ್ಮೂರ ಬಾಯಲ್ಲಿ ಓರ್ಸೀರು. ತಾಳವಾಡಿಯಿಂದ ತಾಳಮಲೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು, ಕನ್ನಡದ ಊರಾದರೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಅಲ್ಲಿದ್ದ ಕೆಲವೇ ಹೆಂಚಿನ ಮನೆಗಳಲ್ಲಿ ನಮ್ಮದೂ ಒಂದು. ಮುಂಭಾಗದ ಎರಡು ಕೋಣೆಗಳನ್ನು ನಮ್ಮಪ್ಪ ಅವರಿಗೆ ಬಾಡಿಗೆಗೆ ಕೊಟ್ಟಿದ್ದರು. ಗಂಡನನ್ನು ಕಳೆದುಕೊಂಡು ನಾನು ತವರಿಗೆ ಬಂದಿದ್ದ ಹೊಸತು. ಚಾಮರಾಜನಗರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಎಂಟನೇ ಕ್ಲಾಸು ಮುಗಿಸಿದ್ದೆ. ಆ ಓದನ್ನು ಏನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಓರ್ಸೀರು ಕೊಯಮತ್ತೂರು ಕಡೆಯ ನೇಕಾರರ ಮನೆಯವರು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಅವರ ಕನ್ನಡ ಕೇಳಿ ನಾವು ನಗುತ್ತಿದ್ದೆವು, ನಮ್ಮದನ್ನು ಕೇಳಿ ಅವರು. ಲೆಕ್ಕಕ್ಕೆ 'ಕಣಕ್ಕು' ಎನ್ನುತ್ತಿದ್ದರು, ನನ್ನನ್ನು 'ತಂಗಚ್ಚಿ' ಎಂದು ಕರೆಯುತ್ತಿದ್ದರು. ಊಟವನ್ನು ಯಾರೋ ಬೆನ್ನಟ್ಟಿದವರ ಹಾಗೆ ಮುಗಿಸುತ್ತಿದ್ದರು. 'ನೋಡೋಣ', ನಮ್ಮೂರವರ ಬಾಯಲ್ಲಿ 'ನೋಡವ', ಎನ್ನುವ ಮಾತು ಅವರಿಗೆ ಆಗುತ್ತಿರಲಿಲ್ಲ. ಯಾರಾದರೂ ಹಾಗೆಂದರೆ, "ಕಣ್ಣಿದೆಯಲ್ಲ, ಈಗಲೇ ನೋಡು" ಎನ್ನುತ್ತಿದ್ದರು.

ಊರಿಗೆ ಅವರ ಮೇಲೆ ಬೇಸರವಾಗಲು ಕಾರಣ ಬೇರೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, ಎಲ್ಲಿಗೆ ಹೊರಟೆ, ಯಾಕೆ, ನಿನ್ನೆಯೂ ಹೋಗಿದ್ದೆಯಾ, ನಿಮ್ಮಪ್ಪನ ಕಾಲದಲ್ಲಿ ಹೋಗುತ್ತಿದ್ದರಾ ಎಂದು ಕೇಳುತ್ತಿದ್ದರು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎನ್ನುವುದು ನಮ್ಮಲ್ಲಿ ಕೂಸಿಗೂ ಗೊತ್ತು. ಹಾಗೆ ಕೇಳಿಸಿಕೊಂಡವರು ಮನೆಗೆ ಹಿಂತಿರುಗಿ, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡಬೇಕಿತ್ತು. "ಆ ಓರ್ಸೀರು ಮೂಲೆ ತಿರುಗಾಗಂಟ ತಡೀಲಾ" ಎಂದು ಗಂಡಸರು ಗೋಡೆ ಮರೆಯಲ್ಲಿ ಕಾಯುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ಊರಿನ ಪಡುವಲಿಗೆ ಒಂದು ಹಳ್ಳ. ಬೇಸಿಗೆಯಲ್ಲಿ ಪಾದ ನೆನೆಯದು, ಮಳೆಗಾಲದಲ್ಲಿ ಎದೆಮಟ್ಟ. ಅದನ್ನು ದಾಟುವ ಜಾಗ ಎರಡಿದ್ದವು. ಕೆಳಗಿನದು ಗಾಡಿಗಳದು, ಅದರಾಚೆ ಸಾವ್ಕಾರರ ಹೊಲ, ಎಣ್ಣೆ ಗಾಣ. ಮೇಲಿನದು ಕಾಲ್ದಾರಿ, ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟುವಂಥದ್ದು. ಅದರಾಚೆ ಕಾಡಂಚಿನಲ್ಲಿ ಸೋಲಿಗರ ಪೋಡು, ಅಂದರೆ ಅವರ ಹಟ್ಟಿ. ಸರ್ಕಾರ ಒಂದು ಕಲ್ಲಿನ ಸೇತುವೆಗೆ ಒಪ್ಪಿತ್ತು. ಎಲ್ಲಿ ಕಟ್ಟಬೇಕೆಂದು ನೋಡಿ ಹೇಳುವುದು ಓರ್ಸೀರರ ಕೆಲಸ.

ಅವರು ಬಂದ ಮೊದಲ ಮಳೆಗಾಲ. ನೀರು ಎಷ್ಟು ಏರಿದೆ ನೋಡಲು ಮೇಲಿನ ದಾರಿಗೆ ಹೋಗಿದ್ದರು. ಆಚೆ ದಡದಲ್ಲಿ ಕೇತಮ್ಮ ನಿಂತಿದ್ದಳು. ಪೋಡಿನ ಹೆಂಗಸು, ನಮ್ಮ ಮನೆಗೆ ಸೌದೆ ತಂದು ಹಾಕುತ್ತಿದ್ದವಳು. ಕಂಕುಳಲ್ಲಿ ಕಂಬಳಿ ಸುತ್ತಿದ ಮಗ.

"ಕೂಸ್ಗೆ ಮೈ ಸುಡ್ತಾ ಅದೆ ಬುದ್ಧಿ, ತಾಳವಾಡಿ ಡಾಕುಟ್ರ ತಾವ್ಕೆ ಓಗ್ಬೇಕು" ಎಂದು ಅಲ್ಲಿಂದಲೇ ಕೂಗಿದಳಂತೆ.

ಓರ್ಸೀರು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದರು. ನೀರು ಅವರನ್ನು ಎತ್ತಿ ಬಂಡೆಗೆ ಹಾಕಿತು. ಜನ ಎಳೆದುಕೊಂಡರು. ಮತ್ತೆ ಇಳಿಯಲು ಹೋದವರನ್ನು ನಮ್ಮಪ್ಪ ತಬ್ಬಿ ಹಿಡಿದುಕೊಂಡಿದ್ದರು. ಕತ್ತಲಾಗುವವರೆಗೆ ಕೇತಮ್ಮ ಆ ಕಡೆ, ಇವರು ಈ ಕಡೆ. ಮಾರನೆಯ ಬೆಳಿಗ್ಗೆ ನೀರಿಳಿದ ಮೇಲೆ ಇವರು ಹೋದರೆ ಅವಳು ಅಲ್ಲೇ ಇದ್ದಳು. ಮಗು ಇರಲಿಲ್ಲ, ಜ್ವರದಲ್ಲೇ ರಾತ್ರಿ ಹೋಗಿತ್ತು. ಅವಳು ಯಾರನ್ನೂ ಬಯ್ಯಲಿಲ್ಲ. "ಅಳ್ಳ ಬುಡ್ನಿಲ್ಲ ಬುದ್ಧಿ" ಎಂದಳು, ಅಷ್ಟೆ.

ಅಂದು ಮನೆಗೆ ಬಂದ ಓರ್ಸೀರರ ಹಣೆಯಲ್ಲಿ ಬಂಡೆಗೆ ಬಡಿದ ಗಾಯ ಹಸಿಯಾಗಿತ್ತು. ಹೆಂಡತಿ ಅರಿಸಿನ ತಂದರೆ ಕೈ ತಳ್ಳಿದರು. "ಎರಡು ಮರ ಅಡ್ಡ ಹಾಕಿದ್ರೆ ಸಾಕಿತ್ತು. ಎರಡೇ ಮರ" ಎಂದು ನಮ್ಮಪ್ಪನ ಮೇಲೆ ರೇಗಿದರು. ನಮ್ಮಪ್ಪ ಏನು ಮಾಡಿದ್ದರು ಪಾಪ. ಓರ್ಸೀರರಿಗೆ ಆಗ ಎದುರಿಗೆ ಯಾರು ಸಿಕ್ಕರೂ ಸರಿ, ಸರ್ಕಾರವೇ ಕೂತ ಹಾಗೆ ಕಾಣುತ್ತಿತ್ತು.

ಆಮೇಲೆ ಅವರು ದಿನವೂ ಮೇಲಿನ ದಾರಿಯ ಹೊಂಗೆ ಮರದಡಿ ಕೊಡೆ ಊರಿ, ದಾಟುವವರನ್ನು ಎಣಿಸುತ್ತ ಕೂರತೊಡಗಿದರು. ಹಳ್ಳ ದಾಟಿ ಪೋಡಿಗೂ ಹೋದರು. ಸಂಜೆ ಜಗಲಿಯಲ್ಲಿ ಕೂತು ನಮ್ಮಪ್ಪನಿಗೆ ಅದನ್ನೆಲ್ಲ ಹೇಳುತ್ತಿದ್ದರು. ಬಾಗಿಲ ಹಿಂದೆ ನಿಂತು ನಾನೂ ಕೇಳುತ್ತಿದ್ದೆ.

"ಸೋಲಿಗ್ರು ಸಂತೆಗೆ ಬರಾದೇ ಅಪ್ರೂಪ ಕಣ್ ಸ್ವಾಮಿ" ಎಂದು ನಮ್ಮಪ್ಪ ಒಮ್ಮೆ ಅಂದರು. "ಅವ್ರಿಗ್ಯಾಕೆ ಸೇತ್ವೆ?"

"ಇವತ್ತು ಅಪರೂಪ. ನಾಳೆ ದಿನಾ ಬರ್ತಾರೆ" ಎಂದರು ಓರ್ಸೀರು. "ಈ ಬೆಟ್ಟಕ್ಕೆ ಬಯಲಿನವರು ಯಾಕೆ ಬರ್ತಿರಲಿಲ್ಲ ಹೇಳಿ. ಚಳಿಜ್ವರಕ್ಕೆ ಹೆದರಿ. ಈಗ ಮನೆಮನೆ ಗೋಡೆಗೆ ಮದ್ದು ಹೊಡೀತಿದಾರೆ, ಜ್ವರ ಹೋಗ್ತಿದೆ. ಜ್ವರ ಹೋದ ಕಡೆಗೆ ಜನ ಬಂದೇ ಬರ್ತಾರೆ. ಹಳ್ಳದಾಚೆ ಜಮೀನು ಹಿಡೀತಾರೆ, ಕಾಡು ಕಡೀತಾರೆ. ಆಗ ಸೋಲಿಗರು ಏನು ತಿನ್ನಬೇಕು? ಗೆಡ್ಡೆ ಗೆಣಸು, ಜೇನು ಇದ್ದಾಗ ಅಪರೂಪಕ್ಕೊಮ್ಮೆ ಉಪ್ಪಿಗೆ ಬರ್ತಿದ್ದ ಕಾಲು, ಕಾಡು ಹೋದ ಮೇಲೆ ದಿನಾ ಕೂಲಿಗೆ ಬರಬೇಕಾಗುತ್ತೆ. ಆಮೇಲೆ ಮಕ್ಕಳು. ಜ್ವರ ಇಲ್ಲದಿದ್ರೆ ಮಕ್ಕಳು ಉಳೀತಾವೆ. ಉಳಿದ ಮಕ್ಕಳು ನಡೀತಾವೆ. ಎಲ್ಲಿಗೆ ನಡೀತಾವೆ? ಇಸ್ಕೂಲಿಗೆ."

ಇದನ್ನು ಅವರು ಸಂತೋಷದಿಂದ ಹೇಳಲಿಲ್ಲ. ಕಾಡು ಹೋಗುತ್ತದೆ ಎನ್ನುವಾಗ ಕಿವಿ ಕೆಂಪಾಗಿಯೇ ಇತ್ತು.

ಬೇಸಿಗೆಯಲ್ಲಿ ದೊಡ್ಡ ಎಂಜಿನಿಯರು ಜೀಪಿನಲ್ಲಿ ಬಂದರು. ನಮ್ಮ ಜಗಲಿಯಲ್ಲೇ ಕುರ್ಚಿ ಹಾಕಿದ್ದರು. ಸಾವ್ಕಾರರು ಎಳನೀರು ಕೆತ್ತಿಸಿಕೊಂಡು ಬಂದು ಪಕ್ಕದಲ್ಲಿ ಕೂತಿದ್ದರು. ಎಂಜಿನಿಯರು ಎಣಿಕೆಯ ಕಾಗದ ಮಗುಚಿ ನೋಡಿ, "ಕೆಳಗಿನ ದಾರಿಯಲ್ಲಿ ಗಾಡಿಗಳಿವೆ. ಮೇಲೆ ಒಂದು ಗಾಡಿಯೂ ಇಲ್ಲವಲ್ಲ" ಎಂದರು.

"ಮೇಲೆ ಜನ ನಡೀತಾರೆ ಸಾರ್. ನಡೆಯೋರನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ. ಗಾಡಿ, ಎತ್ತು, ಮೋಟಾರು, ಇಷ್ಟೇ ಇದೆ" ಎಂದರು ಓರ್ಸೀರು.

"ನಡೆಯೋರಿಗೆ ಸೇತುವೆ ಯಾಕೆ? ಕಾಲಿದೆಯಲ್ಲ."

ಸಾವ್ಕಾರರು ನಕ್ಕರು. ಬಾಗಿಲ ಹಿಂದಿದ್ದ ನಾನು ಓರ್ಸೀರರ ಕುತ್ತಿಗೆ ನೋಡಿದೆ. ಕೆಂಪು ಅಂಗಿಯ ಕಾಲರಿನೊಳಗೆ ಇಳಿದಿತ್ತು. ಆದರೂ ತಡೆದುಕೊಂಡು, ಜ್ವರ, ಜಮೀನು, ಕೂಲಿ, ಮಕ್ಕಳು ಎಂದು ನಮ್ಮಪ್ಪನಿಗೆ ಹೇಳಿದ್ದನ್ನೆಲ್ಲ ಹೇಳಿದರು.

"ಆ ಕಡೆ ಅಷ್ಟು ಜನ ಎಲ್ಲಿದಾರಪ್ಪ?" ಎಂದರು ಎಂಜಿನಿಯರು.

"ತೊಟ್ಟಿಲಲ್ಲಿದಾರೆ ಸಾರ್. ಸೇತುವೆ ಕಟ್ಟಿ ಮುಗಿಸೋ ಹೊತ್ತಿಗೆ ಇಳಿದು ನಡೀತಾರೆ."

"ತೊಟ್ಟಿಲಿಗೆ ಸೇತುವೆ ಕಟ್ಟೋ ಇಲಾಖೆ ಇದಲ್ಲ" ಎಂದು ಅವರು ಎಳನೀರು ಎತ್ತಿಕೊಂಡರು. ಅಲ್ಲಿಗೆ ಮುಗಿಯಿತು. ಒಂದು ಮಗು ಆ ದಡದಲ್ಲಿ ಸತ್ತದ್ದನ್ನು ಓರ್ಸೀರು ಎತ್ತಿದರೆ, "ಮಳೆಗಾಲದಲ್ಲಿ ಮಾತ್ರ ತೊಂದರೆ ಅಲ್ವಾ" ಎಂದರು. ಮಳೆಗಾಲದಲ್ಲಿ ಮಾತ್ರ.

ಕಲ್ಲಿನ ಸೇತುವೆ ಸಾವ್ಕಾರರ ಗಾಣದ ದಾರಿಗೆ ಹೋಯಿತು. ಓರ್ಸೀರು ರಜೆ ಹಾಕಿ ಕೊಯಮತ್ತೂರಿಗೆ ಇಳಿದರು. ಅಲ್ಲಿ ಯಾರ ಯಾರ ಬಾಗಿಲಲ್ಲಿ ಕೂಗಾಡಿದರೋ ಹೇಳಲಿಲ್ಲ. ಮೇಲಿನ ದಾರಿಗೆ ಮರದ ಕಾಲುಸೇತುವೆ ಹಾಕಿಕೊಳ್ಳಬಹುದು, ಅಷ್ಟಕ್ಕೆ ಅಪ್ಪಣೆ ಹಿಡಿದುಕೊಂಡು ಬಂದರು. ಗಾಳಿಗೆ ಬಿದ್ದಿದ್ದ ಎರಡು ಮರಗಳನ್ನು ಪೋಡಿನ ಗಂಡಸರು ಉರುಳಿಸಿಕೊಂಡು ಬಂದರು. ಓರ್ಸೀರು ತೊಡೆಮಟ್ಟ ನೀರಲ್ಲಿ ನಿಂತು ಕಲ್ಲು ಕೂರಿಸಿದರು. ಮೇಲೆ ಹಲಗೆ, ಎರಡು ಕಡೆ ಹಿಡಿದುಕೊಳ್ಳಲು ಹಗ್ಗ.

ಮುಂದಿನ ಮಳೆಗಾಲ ಬಂತು. ಸೌದೆ ಹೊತ್ತ ಹೆಂಗಸರು ಸೇತುವೆ ದಾಟಿದರು. ಬಯಲಿನಿಂದ ಬಂದು ಆಚೆ ಜಮೀನು ಹಿಡಿದವರು ದಾಟಿದರು. ಕೂಲಿಯವರು ದಾಟಿದರು, ಓರ್ಸೀರು ಹೇಳಿದಂತೆಯೇ ದಿನವೂ. ಮಕ್ಕಳು ಮಾತ್ರ ಬರಲಿಲ್ಲ. ಓರ್ಸೀರು ಶಾಲೆಯ ಹೊತ್ತಿಗೆ ಹೊಂಗೆ ಮರದಡಿ ಹೋಗಿ ನಿಂತು, ಬರಿಗೈಯಲ್ಲಿ ವಾಪಸ್ಸು ಬರುತ್ತಿದ್ದರು. ಜೀಪಿನಲ್ಲಿ ಹಾದುಹೋದ ಎಂಜಿನಿಯರು, "ಏನಪ್ಪ, ತೊಟ್ಟಿಲಿಂದ ಇನ್ನೂ ಇಳಿದಿಲ್ವಾ?" ಎಂದು ಕೇಳಿದರಂತೆ.

ಒಂದು ದಿನ ಕೇತಮ್ಮ ಸೌದೆ ಹೊರೆ ಇಳಿಸುತ್ತಿದ್ದಾಗ ಅವಳನ್ನೇ ಹಿಡಿದರು. "ಸೇತುವೆ ಹಾಕಿಕೊಟ್ಟೆನಲ್ಲಮ್ಮ, ಮಕ್ಕಳನ್ನ ಯಾಕೆ ಕಳಿಸಲ್ಲ ನೀವು?"

ಕೇತಮ್ಮ ಸಿಂಬಿ ಬಿಚ್ಚಿ ಕೊಡವಿದಳು. "ಕಳುಸ್ದೊ ಬುದ್ಧಿ. ಒಳಕ್ಕೆ ಸೇರುಸ್ನಿಲ್ಲ. ಆಚ್ಗೆ ಬಿಸ್ಲಲ್ಲಿ ಕುಂಡ್ರುಸುದ್ರು. ಆಮೇಕೆ, ಮೇಷ್ಟ್ರ ದನಗಳ್ನ ಮೇಯ್ಸ್ಕೊಂಡ್ ಬನ್ನಿ ಅಂದ್ರು. ದನ ಕಾಯಕ್ಕೆ ಸೇತ್ವೆ ದಾಟಿ ಬರ್ಬೇಕಾ? ಆ ಕಡೇಲೆ ಕಾಯ್ತವೆ."

ಓರ್ಸೀರು ಚಪ್ಪಲಿ ಕೂಡ ಮೆಟ್ಟದೆ ಶಾಲೆಗೆ ನುಗ್ಗಿದರು. ಶಾಲೆ ನಮ್ಮ ಹಿತ್ತಲಿಗೆ ಅಂಟಿಕೊಂಡಿತ್ತು, ಮಾತೆಲ್ಲ ನನಗೆ ನೇರ ಕೇಳಿಸಿತು.

"ಓರ್ಸೀರ್ಗೆ ಇಸ್ಕೂಲಿನ ಯವಾರ ಯಾಕೆ?" ಎಂದರು ಹೆಡ್‌ಮಾಸ್ತರು. "ಅವ್ರು ಒಳಗೆ ಕುಂತ್ರೆ ಊರೋರು ಅವ್ರ ಮಕ್ಕಳ್ನ ಬುಡುಸ್ಕತಾರೆ. ನಾನೇನ್ ಮಾಡ್ಲಿ?"

"ಬಿಡಿಸ್ಕೊಳ್ಳಲಿ. ಖಾಲಿ ಗೋಡೆಗೆ ಪಾಠ ಹೇಳಿ. ನಾನು ನೀರಲ್ಲಿ ನಿಂತು ದಾರಿ ಮಾಡಿದ್ದು ನಿಮ್ಮ ದನ ಮೇಯಿಸೋಕಲ್ಲ."

ಹೆಡ್‌ಮಾಸ್ತರು ತಣ್ಣಗೆ, "ನೋಡವ" ಎಂದರು.

ಆ ಮಾತಿಗೆ ಓರ್ಸೀರು ಕೂಗಿದ ಕೂಗು ಊರಿಗೆಲ್ಲ ಕೇಳಿಸಿತು. ಕೂಗಿದ್ದರಿಂದ ಏನೂ ಆಗಲಿಲ್ಲ. ಬಾಗಿಲಲ್ಲಿ ಜನ ಸೇರಿದರು, ಯಾರೂ ಅವರ ಪರ ಮಾತಾಡಲಿಲ್ಲ. ಬರಿಗಾಲಲ್ಲಿ ಹಿತ್ತಲ ಬಾಗಿಲಿನಿಂದಲೇ ಒಳಗೆ ಬಂದರು. ನಾನು ಅಲ್ಲಿ ಸೊಪ್ಪು ಸೋಸುತ್ತಿದ್ದೆ.

"ತಂಗಚ್ಚಿ, ನೀನು ಎಂಟನೇ ಕ್ಲಾಸು ಓದಿದೀಯ. ಏನು ಮಾಡ್ತಿದೀಯ?"

"ಸೊಪ್ಪು ಸೋಸ್ತಿದೀನಿ ಅಣ್ಣ."

"ಸೊಪ್ಪು ಸೋಸೋಕೆ ಎಂಟನೇ ಕ್ಲಾಸು ಬೇಕಾ? ಹೋಗು. ಆ ಮಕ್ಕಳು ಈ ಕಡೆ ಬರೋ ಹಾಗಿಲ್ಲದಿದ್ರೆ ನೀನು ಆ ಕಡೆ ಹೋಗಿ ಪಾಠ ಹೇಳು."

ನನಗೆ ಉರಿದುಹೋಯಿತು. ಗಂಡ ಸತ್ತ ಮೇಲೆ ನಾನು ಯಾರೊಡನೆಯೂ ಎತ್ತರದ ದನಿಯಲ್ಲಿ ಮಾತಾಡಿರಲಿಲ್ಲ. "ಹೋಗು ಅನ್ನದು ಸುಲಭ" ಎಂದೆ. "ನಾನು ಬೆಳಿಗ್ಗೆ ಬೀದೀಲಿ ಎದುರಾದ್ರೆ ಜನ ಮುಖ ತಿರುಗಿಸಿ ವಾಪಸ್ ಓಯ್ತಾರೆ. ಇಷ್ಟು ದಿನ ದಾರೀಲಿ ಯಾರು ಓಯ್ತಾರೆ ಯಾರು ಬತ್ತಾರೆ ಅಂತ ಕೇಳ್ದ್ರಲ್ಲ, ನಾನ್ಯಾಕೆ ಓಯ್ತಿಲ್ಲ ಅಂತ ಒಂದಿನ ಕೇಳುದ್ರಾ? ನಿಮ್ಮ ಕಣಕ್ಕಲ್ಲಿ ಅದು ಇದೆಯಾ?"

ಅವರು ಕೆಳಗೆ ಕೂತುಬಿಟ್ಟರು. ಅವರ ಹೆಂಡತಿಯೂ ನಮ್ಮಮ್ಮನೂ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದರು. "ಇಲ್ಲ" ಎಂದರು ಓರ್ಸೀರು. "ಹಾದಿ ಇದ್ರೆ ಜನ ನಡೀತಾರೆ ಅಂದುಕೊಂಡೆ. ಅಡ್ಡ ನಿಲ್ಲೋರನ್ನ ಕಣಕ್ಕಿಗೆ ಹಿಡೀಲೇ ಇಲ್ಲ. ಇನ್ನೂ ಏನೇನು ಬಿಟ್ಟಿದೀನೋ."

ಆ ರಾತ್ರಿ ಊಟದ ಹೊತ್ತಿಗೆ ನಮ್ಮಪ್ಪ, "ಓಯ್ತಿಯಾ ಮಗ?" ಎಂದು ಕೇಳಿದರು. ಅಮ್ಮ ಬೇಡವೆಂದು ಕಣ್ಣಲ್ಲೇ ಹೇಳಿದಳು. "ಓಯ್ತಿನಿ" ಎಂದೆ.

ಮಾರನೆಯ ದಿನ ನಾನು ಹೊಸಿಲಲ್ಲಿ ನಿಂತು ಬೀದಿ ನೋಡುತ್ತಿದ್ದೆ. ಓರ್ಸೀರರ ಹೆಂಡತಿ ಮುಖ ತೊಳೆದು, ಹಣೆ ತುಂಬ ಕುಂಕುಮ ಇಟ್ಟುಕೊಂಡು, ಹೂ ಮುಡಿದು ಹೊರಗೆ ಬಂದರು. "ನಾನು ಮುಂದೆ ನಡೀತೀನಿ, ನೀನು ಹಿಂದೆ ಬಾ. ಎದುರು ಬರೋರು ನನ್ನ ಮುಖ ನೋಡಲಿ" ಎಂದರು. ಗಂಡ ಊರೆಲ್ಲ ಕೂಗಾಡಿ ಮಾಡಲಾಗದ್ದನ್ನು ಆ ಹೆಂಗಸು ಕುಂಕುಮ ಇಟ್ಟುಕೊಂಡು ಮಾಡಿದರು. ಎಷ್ಟೋ ದಿನ ಹಾಗೆ ನಡೆದೆವು, ಮುಂದೆ ಅವರು, ಹಿಂದೆ ನಾನು. ನನ್ನಂಥವಳಿಗೆ ಬೀದಿಯಲ್ಲಿ ನಡೆಯಲು ಇನ್ನೊಬ್ಬರ ಕುಂಕುಮ ಬೇಕಾಯಿತಲ್ಲ ಎಂದು ಆಗ ನಾಚಿಕೆಯಾಗಿತ್ತು. ಈಗ ಆ ಬೀದಿಯ ಮೇಲೆ ಸಿಟ್ಟು ಬರುತ್ತದೆ.

ಪೋಡಿನವರು ಬಿದಿರಿನ ಒಂದು ಚಪ್ಪರ ಹಾಕಿಕೊಟ್ಟರು. ಹಗ್ಗ ಹಿಡಿದು ಹಳ್ಳ ದಾಟಿ ಹೋಗಿ ಪಾಠ ಹೇಳಿದೆ. ಸೋಲಿಗರ ಮಕ್ಕಳ ಜೊತೆಗೆ ಬಯಲಿನಿಂದ ಬಂದವರ ಮಕ್ಕಳೂ ಕೂತವು. ಅವರಿಗೂ ಆ ದಡದಲ್ಲಿ ಬೇರೆ ಶಾಲೆ ಇರಲಿಲ್ಲವಲ್ಲ. ಓರ್ಸೀರು ಕೊಡೆ ಊರಿಕೊಂಡು ಬಂದು ಚಪ್ಪರದ ಹೊರಗೆ ನಿಂತು, ನನ್ನ ಬೋರ್ಡಿನ ಅಕ್ಷರ ಸೊಟ್ಟ ಎಂದು ಬಯ್ದು ಹೋಗುತ್ತಿದ್ದರು. ಮೂರು ಜನ ಅಧಿಕಾರಿಗಳ ಬೆನ್ನು ಹತ್ತಿ, ಕೊನೆಗೆ ಚಪ್ಪರವನ್ನು ಏಕೋಪಾಧ್ಯಾಯ ಶಾಲೆ ಎಂದು ಒಪ್ಪಿಸಿದರು. ನನಗೆ ತರಬೇತಿ ಆಯಿತು, ಸಂಬಳವೂ ಬಂತು.

ಅಷ್ಟರಲ್ಲಿ ದೂರು ಹೋಗಿತ್ತು. ಕಾಲುಸೇತುವೆಗೆ ಕಾಡಿನ ಮರವನ್ನು ಅಪ್ಪಣೆಯಿಲ್ಲದೆ ಕಡಿದಿದ್ದಾರೆ ಎಂದು. ಸೇತುವೆಗೆ ಅಪ್ಪಣೆ ಇತ್ತು, ಮರಕ್ಕೆ ಇರಲಿಲ್ಲವಂತೆ. ಅವು ಗಾಳಿಗೆ ಬಿದ್ದ ಮರಗಳೆಂದು ಊರಿಗೆಲ್ಲ ಗೊತ್ತಿತ್ತು. ವಿಚಾರಣೆಗೆ ಬಂದವರ ಮುಂದೆ ಹೇಳಿದವರು ನಮ್ಮಪ್ಪ ಮತ್ತು ಪೋಡಿನ ಗಂಡಸರು ಮಾತ್ರ. ಪೋಡಿನವರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಓರ್ಸೀರರನ್ನು ಬಯಲಿನ ಕಾಲುವೆ ರಿಪೇರಿಗೆ ಹಾಕಿದರು, ಕೆಳಗಿನ ದರ್ಜೆಗೆ ಇಳಿಸಿ.

ಹೊರಡುವ ದಿನ ಅವರು ಎಲ್ಲರ ಮೇಲೂ ರೇಗಿದರು. ಗಾಡಿಯವನು ಹಗ್ಗಕ್ಕೆ ಹಾಕಿದ ಗಂಟಿನ ಮೇಲೆ, ಪೆಟ್ಟಿಗೆಯ ಮೇಲೆ, ಅಳುತ್ತಿದ್ದ ಹೆಂಡತಿಯ ಮೇಲೆ. ನನಗೆ ಹೇಳಿದ್ದಿಷ್ಟೆ: "ಮಳೆಗೆ ಮುಂಚೆ ಹಗ್ಗ ಬದಲಾಯಿಸು." ಕೇತಮ್ಮ ಒಂದು ಬಿದಿರಿನ ಕೊಳವೆಯಲ್ಲಿ ಜೇನು ತಂದಿದ್ದಳು. ಅದನ್ನು ಮಡಿಲಲ್ಲಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಗಾಡಿಯಲ್ಲಿ ಕೂತರು.

ಮತ್ತೆ ಅವರನ್ನು ನೋಡಿದ್ದು ಒಂದೇ ಸಲ, ಎಷ್ಟೋ ವರ್ಷಗಳ ಮೇಲೆ. ಕೊಯಮತ್ತೂರು ಕಡೆ ತಮ್ಮ ಅಣ್ಣನ ಮನೆಯಲ್ಲಿದ್ದರು. ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಗ್ಗ ನಡೆಯುತ್ತಿತ್ತು. ನಾನು ಉತ್ಸಾಹದಿಂದ ಹೇಳಿದೆ: ಊರ ಶಾಲೆಗೆ ಹೊಸ ಹೆಡ್‌ಮಾಸ್ತರು ಬಂದಿದ್ದಾರೆ, ನನ್ನಲ್ಲಿ ಐದನೇ ಕ್ಲಾಸು ಮುಗಿಸಿದ ಮಕ್ಕಳು ಈಗ ಹಳ್ಳ ದಾಟಿ ಅಲ್ಲಿಗೇ ಹೋಗುತ್ತಾರೆ, ಒಳಗೇ ಕೂರುತ್ತಾರೆ, ಬೆಳಿಗ್ಗೆ ದಾರಿ ತುಂಬ ಮಕ್ಕಳು. ನೀವು ಹೇಳಿದ ಹಾಗೇ ಆಯಿತು ಅಣ್ಣ, ಎಂದೆ.

ಅವರು ಖುಷಿಪಡಲಿಲ್ಲ. "ಎಲ್ಲಿ ಆಯ್ತು? ಸೇತುವೆ ಮುಗಿಯೋ ಹೊತ್ತಿಗೆ ಅಂದಿದ್ದೆ. ಇಷ್ಟು ತಡ ಆಯ್ತು" ಎಂದರು. ತೊದಲುವ ನಾಲಿಗೆಯಲ್ಲಿ ಮಾತು ಹೊರಡಲು ಹೊತ್ತು ಹಿಡಿಯಿತು. "ಆ ನಡುವೆ ಬೆಳೆದ ಮಕ್ಕಳು ಏನಾದ್ವು? ಅವು ಮತ್ತೆ ಏಳು ವರ್ಷದ ಮಕ್ಕಳಾಗ್ತಾವಾ?"

ಅದೇ ವರ್ಷ ಅವರು ತೀರಿಕೊಂಡರು. ಸುದ್ದಿ ನನಗೆ ತಲುಪುವಾಗ ಕಾರ್ಯವೆಲ್ಲ ಮುಗಿದಿತ್ತು.

ಆಮೇಲೆ ಮೇಲಿನ ದಾರಿಗೂ ಕಲ್ಲಿನ ಸೇತುವೆ ಬಂತು. ಆಚೆ ಜಮೀನು ಮಾಡಿದವರ ಕಬ್ಬು ಸಾಗಿಸಲು ಲಾರಿ ಹೋಗಬೇಕಿತ್ತು, ಅದಕ್ಕೆ. ಹಳೆಯ ಮರದ ಸೇತುವೆಯನ್ನು ಕಿತ್ತು ಹಾಕಿದ್ದರು. ಹೊಸದರ ಬದಿಯಲ್ಲಿ ನಿಲ್ಲಿಸಿದ್ದ ಕಲ್ಲಿನ ಮೇಲೆ ಸಾವ್ಕಾರರ ಮಗನ ಹೆಸರಿತ್ತು. ಓರ್ಸೀರರ ಹೆಸರಿನ ಒಂದು ಅಕ್ಷರವೂ ಇರಲಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ನಾನು ಎಂದಿನಂತೆ ಶಾಲೆಗೆ ಹೊರಟೆ. ಸೇತುವೆಯ ಈಚೆ ತುದಿಗೆ ಕೆಂಪು ರಿಬ್ಬನ್ನು ಕಟ್ಟಿ ಒಬ್ಬ ಜವಾನನನ್ನು ನಿಲ್ಲಿಸಿದ್ದರು. ಹಿಂದಿನ ದಿನ ಮಳೆಯಾಗಿ ಹಳ್ಳ ಸೊಂಟಮಟ್ಟ ಹರಿಯುತ್ತಿತ್ತು. ಆಚೆ ತುದಿಯಲ್ಲಿ ಊರ ಶಾಲೆಗೆ ಹೊರಟ ಮಕ್ಕಳು ಗುಂಪಾಗಿ ನಿಂತಿದ್ದವು. ಇಬ್ಬರು ದೊಡ್ಡ ಹುಡುಗಿಯರು ಲಂಗ ಎತ್ತಿ ಕಟ್ಟಿ, ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು ನೀರಿಗೆ ಇಳಿಯುತ್ತಿದ್ದರು. ಸೇತುವೆಯ ಪಕ್ಕದಲ್ಲೇ.

"ಯಾಕಪ್ಪ ಬಿಡ್ತಿಲ್ಲ?" ಎಂದು ಜವಾನನನ್ನು ಕೇಳಿದೆ.

"ಇನ್ನೂ ಓಪನಿಂಗ್ ಆಗಿಲ್ಲ ಟೀಚರಮ್ಮ. ದೊಡ್ಡೋರು ಬರ್ಬೇಕು. ಮಧ್ಯಾಹ್ನ ಆಯ್ತದೆ, ನೋಡವ."

ನನ್ನ ಮುಖಕ್ಕೆ ಬಿಸಿ ಏರಿದ್ದು ನನಗೇ ಗೊತ್ತಾಯಿತು. ರಿಬ್ಬನ್ನಿಗೆ ಕೈ ಹಾಕಿ ಎಳೆದೆ. ಕಿತ್ತು ಬರಲಿಲ್ಲ, ಗಟ್ಟಿ ಕಟ್ಟಿದ್ದರು. ಹಲ್ಲಿನಿಂದ ಗಂಟು ಬಿಚ್ಚಿ ಹಳ್ಳಕ್ಕೆ ಎಸೆದೆ. ಜವಾನ ಬಾಯಿ ಬಿಟ್ಟು ನಿಂತ.

"ನೀರಿಂದ ಮೇಲಕ್ಕೆ ಬನ್ರವ್ವ" ಎಂದು ಹುಡುಗಿಯರನ್ನು ಕೂಗಿದೆ. "ಸೇತುವೆ ಮೇಲೆ ಬನ್ನಿ. ಸ್ಕೂಲಿಗೆ ಹೊತ್ತಾಯಿತು."